ಎಣ್ಣೆ ಬಿಟ್ಟರೂ ಯಕೃತ್ತಿನಲ್ಲಿ ಕೊಬ್ಬೇಕೆ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದ ಮೇಲೆ ಎಣ್ಣೆ, ಬೆಣ್ಣೆ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೇನೆ. ಮದ್ಯ ಮುಟ್ಟುವುದಿಲ್ಲ. ಹಸಿವಾದರೆ ಹಣ್ಣಿನ ರಸ, ‘ಕೊಬ್ಬುರಹಿತ’ ಎಂದು ಬರೆದಿರುವ ಸಿಹಿ ಮೊಸರು ಸೇವಿಸುತ್ತೇನೆ. ಆದರೂ ಈ ಸಲ ಟ್ರೈಗ್ಲಿಸರೈಡ್, ಅಂದರೆ ರಕ್ತದ ಕೊಬ್ಬು, ಇನ್ನೂ ಏರಿದೆ. ತಿನ್ನದ ಕೊಬ್ಬು ಬರುವುದಾದರೂ ಎಲ್ಲಿಂದ?

ಉತ್ತರ: ನಿಮ್ಮ ಯಕೃತ್ತೇ ಅದರಲ್ಲೊಂದು ಪಾಲನ್ನು ತಯಾರಿಸುತ್ತಿರುವ ಸಾಧ್ಯತೆ ಹೆಚ್ಚು. ಕಚ್ಚಾ ಸರಕು ಆ ರಸದಲ್ಲೂ ಸಿಹಿ ಮೊಸರಿನಲ್ಲೂ ಇದೆ. ಸಕ್ಕರೆಯ ಅರ್ಧ ಭಾಗ ಗ್ಲುಕೋಸ್, ಇನ್ನರ್ಧ ಫ್ರಕ್ಟೋಸ್. ಗ್ಲುಕೋಸನ್ನು ಸ್ನಾಯು, ಮಿದುಳು ಎಲ್ಲವೂ ಬಳಸಿಕೊಳ್ಳುತ್ತವೆ. ಹೆಚ್ಚು ಕುಡಿದ ಫ್ರಕ್ಟೋಸಿನ ಹೊರೆ ಬಹುಪಾಲು ಯಕೃತ್ತಿನ ಮೇಲೆಯೇ ಬೀಳುತ್ತದೆ. ಶಕ್ತಿ ಸಾಕಷ್ಟಿದ್ದಾಗ ಗ್ಲುಕೋಸ್ ಒಡೆಯುವ ವೇಗವನ್ನು ತಗ್ಗಿಸುವ ಕಿಣ್ವವೊಂದಿದೆ. ಫ್ರಕ್ಟೋಸಿಗೆ ಆ ತಡೆ ಅಡ್ಡ ಬರುವುದೇ ಇಲ್ಲ.

ಆಗ ಎರಡು ಪ್ರೋಟೀನ್‌ಗಳು ಚುರುಕಾಗುತ್ತವೆ: ಇನ್ಸುಲಿನ್ ಏರಿದರೆ ಎಸ್‌ಆರ್‌ಇಬಿಪಿ-1ಸಿ, ಸಕ್ಕರೆ ಏರಿದರೆ ಸಿಎಚ್‌ಆರ್‌ಇಬಿಪಿ. ಕೊಬ್ಬು ಕಟ್ಟುವ ಕಿಣ್ವಗಳ ಉತ್ಪಾದನೆಯನ್ನು ಇವು ಹೆಚ್ಚಿಸುತ್ತವೆ. ನಾನು ರೋಗಿಗಳಿಗೆ ಒತ್ತಿ ಹೇಳುವುದು ಮುಂದಿನ ಹಂತವನ್ನು. ಕೊಬ್ಬು ಕಟ್ಟುವಾಗ ನಡುವೆ ಮೆಲೊನೈಲ್-ಕೋಎ ಎಂಬ ವಸ್ತು ಹುಟ್ಟುತ್ತದೆ. ಕೊಬ್ಬಿನಾಮ್ಲಗಳನ್ನು ಉರಿಸಲು ಜೀವಕೋಶದ ಶಕ್ತಿಘಟಕವಾದ ಮೈಟೋಕಾಂಡ್ರಿಯಾದೊಳಗೆ ಒಯ್ಯುವ ಸಿಪಿಟಿ-1 ಪ್ರೋಟೀನನ್ನು ಅದು ತಡೆಯುತ್ತದೆ. ಹೊಸ ಕೊಬ್ಬು ಸೇರುತ್ತಿರುವ ಹೊತ್ತಿಗೇ ಹಳೆಯದು ಕರಗುವುದೂ ಕುಂದುತ್ತದೆ! ಯಕೃತ್ತು ಇದರಲ್ಲೊಂದು ಪಾಲನ್ನು ಅಪೊಬಿ ಪ್ರೋಟೀನಿನೊಂದಿಗೆ ವಿಎಲ್‌ಡಿಎಲ್ ಎಂಬ ಕೊಬ್ಬು ಸಾಗಿಸುವ ಕಣಗಳಾಗಿ ರಕ್ತಕ್ಕೆ ಬಿಡುತ್ತದೆ. ನಿಮ್ಮ ವರದಿಯ ಟ್ರೈಗ್ಲಿಸರೈಡ್ ಬಹುಮಟ್ಟಿಗೆ ಅದೇ.

ಇನ್ನೊಂದು ಮಾತು. ಫ್ಯಾಟಿ ಲಿವರ್ ಇರುವವರಲ್ಲಿ ಕೊಬ್ಬಿನ ದೊಡ್ಡ ಪಾಲು ಮೈಯ ಕೊಬ್ಬಿನ ಸಂಗ್ರಹದಿಂದಲೇ ಹರಿದು ಬರುತ್ತದೆ. ತೂಕ ಹೆಚ್ಚಿದ್ದರೆ ಶೇ. 7ರಿಂದ 10ರಷ್ಟು ಇಳಿಸಿದಾಗ ಉರಿಯೂತವೂ ತಗ್ಗುವುದುಂಟು.

ಪ್ರಶ್ನೆ: ಹಾಗಾದರೆ ಬೆಣ್ಣೆ ತಿನ್ನಬಹುದೇ? ಹಣ್ಣನ್ನೂ ಬಿಡಬೇಕೇ?

ಉತ್ತರ: ಹಣ್ಣನ್ನು ಬಿಡಬೇಡಿ, ರಸವನ್ನು ಬಿಡಿ. ಇಡೀ ಹಣ್ಣಿನಲ್ಲಿ ನಾರಿರುತ್ತದೆ, ಅಗಿದು ತಿನ್ನಬೇಕು, ಸಕ್ಕರೆ ನಿಧಾನವಾಗಿ ಒಳಸೇರುತ್ತದೆ. ಬೆಣ್ಣೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಲಾರೆ. ಅದರಲ್ಲಿರುವ ಸ್ಯಾಚುರೇಟೆಡ್ ಕೊಬ್ಬು, ರಕ್ತದಿಂದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಹೀರಿಕೊಳ್ಳುವ ಯಕೃತ್ತಿನ ಗ್ರಾಹಕಗಳ ಕೆಲಸವನ್ನು ಕುಗ್ಗಿಸುತ್ತದೆ. ಅಗತ್ಯಕ್ಕಿಂತ ಹೆಚ್ಚು ತಿಂದಾಗಲೂ ಅಷ್ಟೇ, ಇತರ ಕೊಬ್ಬುಗಳಿಗಿಂತ ಇದು ಯಕೃತ್ತಿನಲ್ಲಿ ಹೆಚ್ಚು ಶೇಖರವಾಗುತ್ತದೆ. ಮೀನು, ಅಕ್ರೋಟು, ಅಗಸೆಬೀಜ ಒಳ್ಳೆಯವು. ಮೀನಿನ ಒಮೆಗಾ-3 ಕೊಬ್ಬು ಆ ಎಸ್‌ಆರ್‌ಇಬಿಪಿಯನ್ನೇ ಹತ್ತಿಕ್ಕುತ್ತದೆ. ಎಣ್ಣೆಯನ್ನು ಪೂರ್ತಿ ತೊರೆಯಬೇಕಿಲ್ಲ.

ಪ್ರಶ್ನೆ: ನನ್ನ ರಕ್ತದ ಅಲ್ಬುಮಿನ್ ಪ್ರೋಟೀನ್ ಸರಿಯಾಗಿದೆ. ಯಕೃತ್ತಿಗೆ ಹಾನಿಯಾಗಿಲ್ಲ ಎನ್ನಬಹುದೇ?

ಉತ್ತರ: ಅಷ್ಟರಿಂದಲೇ ಹೇಳಲಾಗದು. ಅಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲೇ. ಆದರೆ ಯಕೃತ್ತಿನ ಮೀಸಲು ಸಾಮರ್ಥ್ಯ ದೊಡ್ಡದು, ಬಹಳಷ್ಟು ಹಾನಿಯಾದ ಮೇಲೆಯೇ ಅಲ್ಬುಮಿನ್ ಇಳಿಯುತ್ತದೆ. ಎಎಲ್‌ಟಿ ಎಂಬ, ಯಕೃತ್ತಿನ ಕೋಶಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ ಕೂಡ ಕೆಲವರಲ್ಲಿ ಸಹಜವಾಗಿಯೇ ಇರುತ್ತದೆ. ವಯಸ್ಸು, ಅಂಥದ್ದೇ ಇನ್ನೊಂದು ಕಿಣ್ವವಾದ ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್ ಸಂಖ್ಯೆ ಸೇರಿಸಿ ಎಫ್‌ಐಬಿ-4 ಅಂಕ (ಯಕೃತ್ತು ಕಲೆಗಟ್ಟಿ ಗಡಸಾಗಿರುವ ಸಾಧ್ಯತೆಯ ಅಂದಾಜು) ಲೆಕ್ಕ ಹಾಕಿಕೊಡುವಂತೆ ನಿಮ್ಮ ವೈದ್ಯರನ್ನು ಕೇಳಿ. ಅದು ಹೆಚ್ಚಿದ್ದರೆ ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕಾಗುತ್ತದೆ.