ಹಳೇ ಹ್ಯಾಚ್‌ಬ್ಯಾಕ್: ಮಳೆ ಬಂದರೆ ಕಾಲಡಿ ನೀರು, ಸಿಲ್‌ಗೆ ತುಕ್ಕು. ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ನನ್ನ ಹತ್ತಿರ 20 ವರ್ಷ ದಾಟಿದ ಚಿಕ್ಕ ಹ್ಯಾಚ್‌ಬ್ಯಾಕ್ ಇದೆ. ಇಂಜಿನ್ ಗಟ್ಟಿಮುಟ್ಟಾಗಿದೆ. ತೊಂದರೆ ಇರುವುದು ಬಾಡಿಯಲ್ಲಿ. ಮಳೆ ಬಂದಾಗಲೆಲ್ಲ ಡ್ರೈವರ್ ಪಕ್ಕದ ಸೀಟಿನ ಮುಂದೆ ಕಾಲಿಡುವ ಜಾಗ ಒದ್ದೆ. ಕಾರ್ಪೆಟ್ ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಬರುತ್ತದೆ. ಅದೇ ಬದಿಯ ಸಿಲ್‌ನಲ್ಲಿ, ಅಂದರೆ ಬಾಗಿಲ ಕೆಳಗಿನ ಉದ್ದ ಪಟ್ಟಿಯಲ್ಲಿ, ಪೇಂಟ್ ಗುಳ್ಳೆ ಎದ್ದಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಟಣ್ ಟಣ್ ಅನ್ನುತ್ತಿದ್ದ ಸದ್ದು ಒಂದು ಕಡೆ ಮಂಕಾಯಿತು. ಅಲ್ಲಿ ತುದಿಯಿಂದ ಒತ್ತಿದ್ದೇ ತಡ, ಸ್ಕ್ರೂಡ್ರೈವರ್ ಒಳಗೇ ಹೋಯಿತು. ಮೊದಲು ಪುಟ್ಟಿಯ ಪುಡಿ ಉದುರಿತು, ಅದರ ಹಿಂದೆ ಕಂದು ಬಣ್ಣದ ಹೊಟ್ಟು. ಹಿಂದಿನವರು ಯಾರೋ ತೂತಿಗೆ ಪುಟ್ಟಿ ತುಂಬಿ ಪೇಂಟ್ ಹೊಡೆಸಿದ್ದಾರೆ.

ತುಕ್ಕಿನ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರಾವಣ) ಹಚ್ಚಿ ಮೇಲೊಂದು ತಗಡು ಪ್ಯಾಚ್ ಹಾಕಿಸಿದರೆ ಸಾಕಾ? ಇಲ್ಲ ಕಾರನ್ನೇ ಬಿಡಬೇಕಾ? ಡ್ರೈವಿಂಗ್ ಕಲಿತಿದ್ದು ಇದೇ ಕಾರಲ್ಲಿ. ಬಿಡೋಕೆ ಮನಸ್ಸಿಲ್ಲ.

ಉತ್ತರ

ಬಿಡಬೇಡಿ. ಹಾಗಂತ ಈಗಲೇ ವೆಲ್ಡಿಂಗ್‌ಗೂ ಕೊಡಬೇಡಿ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹಿಡಿಯಿರಿ. ಆ ದಾರಿ ಮುಚ್ಚದೆ ಹೊಸ ತಗಡು ಹಾಕಿಸಿದರೆ ಅದನ್ನೂ ತುಕ್ಕು ಒಳಗಿನಿಂದ ತಿನ್ನುತ್ತದೆ. ನನ್ನ ಕಾರಿನ ಫ್ಲೋರ್ ಎರಡು ಸಲ ಹಾಕಿಸಬೇಕಾಯಿತು, ಮೊದಲ ಸಲ ಈ ಕೆಲಸ ಬಿಟ್ಟಿದ್ದರಿಂದಲೇ.

ಅದು ಮಳೆನೀರೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಬಿಳಿ ಬಟ್ಟೆಯನ್ನು ಕಾರ್ಪೆಟ್ ಮೇಲೆ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಬಂದರೆ, ಜಾರುಜಾರಾಗಿದ್ದರೆ, ಸಿಹಿ ವಾಸನೆ ಇದ್ದರೆ ಅದು ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವ. ಹೀಟರ್ ಕೋರ್ (ಒಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿದೆ ಅಂತ ಅರ್ಥ. ನಾಲಗೆಗೆ ಮಾತ್ರ ಮುಟ್ಟಿಸಬೇಡಿ, ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಎಸಿ ಹಾಕಿದ ದಿನ ಮಾತ್ರ ಒದ್ದೆಯಾದರೆ ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿರುತ್ತದೆ.

ಇವೆರಡೂ ಅಲ್ಲ ಅಂದರೆ ಪೈಪ್‌ನಲ್ಲಿ ನೀರು ಬಿಟ್ಟು ನೋಡಿ. ಕಾರ್ಪೆಟ್ ಎತ್ತಿ, ಕೆಳಗಿನ ಫೋಮ್ ತೆಗೆದು, ಫ್ಲೋರ್ ಒರೆಸಿ ಒಣಗಿಸಿ. ತಗಡಿನ ಜೋಡಣೆಗಳ ಮೇಲೆಲ್ಲ ಟಾಲ್ಕಂ ಪೌಡರ್ ಉದುರಿಸಿ. ನೀರಿನ ಎಳೆ ಹರಿದ ಕಡೆ ಪೌಡರ್ ಮೇಲೆ ಗೆರೆ ಬೀಳುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿಂದ ನೀರು ಬಿಡಬೇಕು. ಕೆಳಗಿನಿಂದ ಮೇಲಕ್ಕೆ ಹೋಗಿ: ಮೊದಲು ಬಾಗಿಲ ಕೆಳಭಾಗ, ಆಮೇಲೆ ಕಿಟಕಿ ರಬ್ಬರ್, ವೈಪರ್ ಕೆಳಗಿನ ಜಾಲರಿ, ಕೊನೆಗೆ ಮುಂದಿನ ಗಾಜಿನ ಅಂಚು. ಮೇಲಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೂ 10 ನಿಮಿಷ ಕೊಡಿ. ಪ್ರೆಶರ್ ಬೇಡ, ಮಳೆ ಸುರಿದ ಹಾಗೆ ಸುಮ್ನೆ ಹರಿಯಲಿ.

ನನ್ನ ಅನುಮಾನ ವೈಪರ್ ಜಾಲರಿಯ ಮೇಲೆ. ಅದರ ಕೆಳಗೊಂದು ತೊಟ್ಟಿಯಂಥ ಜಾಗ ಇದೆ. ಗಾಜಿನ ಮೇಲೆ ಬಿದ್ದ ನೀರೆಲ್ಲ ಅಲ್ಲಿಗೆ ಇಳಿದು, ಎರಡೂ ಬದಿಯ ಡ್ರೈನ್ ತೂತುಗಳಿಂದ ಹೊರಗೆ ಹೋಗಬೇಕು. ಬ್ಲೋವರ್, ಅಂದರೆ ಕಾರಿನೊಳಗೆ ಗಾಳಿ ಊದುವ ಫ್ಯಾನ್, ಗಾಳಿ ಎಳೆದುಕೊಳ್ಳುವುದೂ ಅಲ್ಲಿಂದಲೇ. ಎಲೆ ಬಿದ್ದು ತೂತು ಕಟ್ಟಿದರೆ ತೊಟ್ಟಿ ತುಂಬಿ, ನೀರು ಬ್ಲೋವರ್ ಬಾಯಿಂದ ಒಳಗಿಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ನಿಮ್ಮ ಊಹೆ ಸರಿ ಇತ್ತು. ಬಟ್ಟೆಗೆ ಬಣ್ಣವೂ ಬರಲಿಲ್ಲ, ವಾಸನೆಯೂ ಇರಲಿಲ್ಲ. ವೈಪರ್ ಜಾಲರಿ ಮೇಲೆ ನೀರು ಬಿಟ್ಟು ಐದು ನಿಮಿಷ ಆಗಿರಲಿಲ್ಲ, ಬ್ಲೋವರ್ ಕೆಳಗೆ ಒಂದು ಹನಿ ನೇತಾಡಿತು, ಬಿತ್ತು, ಹಿಂದೆಯೇ ಇನ್ನೊಂದು. ಜಾಲರಿ ಬಿಚ್ಚಿ ಕೈ ಹಾಕಿದೆ. ಕೊಳೆತು ಕಪ್ಪಾದ ಎಲೆ ಕೆಸರು ಎರಡು ಹಿಡಿ ಬಂತು. ಕೆಸರು ಹೋದ ತಕ್ಷಣ ತೊಟ್ಟಿಯಲ್ಲಿ ನಿಂತಿದ್ದ ನೀರು ಗಳಗಳ ಅಂತ ಇಳಿದು ಚಕ್ರದ ಹಿಂದೆ ಬಿತ್ತು. ಆ ಸದ್ದು ಕೇಳಿ ಎಷ್ಟು ಸಮಾಧಾನ ಆಯಿತು ಅಂದರೆ ಹೇಳೋಕಾಗಲ್ಲ.

ಆದರೆ ಮುಂದಿನ ಮಳೆಗೆ ಮತ್ತೆ ಸ್ವಲ್ಪ ಒದ್ದೆ. ಈ ಸಲ ಪೌಡರ್ ಮೇಲಿನ ಗೆರೆ ಬಾಗಿಲ ಕಡೆಯಿಂದ ಬಂದಿದೆ. ಬಾಗಿಲ ರಬ್ಬರ್ ಬದಲಾಯಿಸಬೇಕಾ?

ಉತ್ತರ

ರಬ್ಬರ್‌ಗೆ ದುಡ್ಡು ಹಾಕುವ ಮೊದಲು ಬಾಗಿಲ ಒಳಬದಿಯ ಪ್ಯಾನೆಲ್ ಬಿಚ್ಚಿ. ಬಾಗಿಲೊಳಗೆ ನೀರು ಹೋಗುವುದು ತಪ್ಪಲ್ಲ. ಕಿಟಕಿ ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲ ಹೊಟ್ಟೆಯಲ್ಲಿ ಹರಿದು, ತಳದ ತೂತುಗಳಿಂದ ಹೊರಗೆ ಹೋಗಲಿ ಅಂತಲೇ ಮಾಡಿರುತ್ತಾರೆ. ಅದು ಕ್ಯಾಬಿನ್‌ಗೆ ಬರದಂತೆ ತಡೆಯುವುದು ಪ್ಯಾನೆಲ್ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಹಾಕುವಾಗಲೋ ಕಿಟಕಿ ರಿಪೇರಿ ಮಾಡುವಾಗಲೋ ಇದನ್ನು ಹರಿದುಬಿಡುವವರು ಜಾಸ್ತಿ. ಹೊಸ ಹಾಳೆ ಹಾಕಿ ಬ್ಯುಟೈಲ್ ಟೇಪಿನಿಂದ (ಮೆತ್ತಗಿನ, ಅಂಟಂಟಾದ ರಬ್ಬರ್ ಟೇಪ್) ಅಂಟಿಸಿ. ಬಾಗಿಲ ತಳದ ತೂತುಗಳಲ್ಲಿ ತಂತಿ ಆಡಿಸಿ. ಪೇಂಟ್ ಹೊಡೆಸಿದ ಕಾರಲ್ಲವಾ, ಅವೂ ಮುಚ್ಚಿಹೋಗಿರಬಹುದು.

ಇನ್ನೊಬ್ಬರ ಉತ್ತರ

ತಗಡಿನ ಕೆಲಸದ ಬಗ್ಗೆ ನಾನು ಹೇಳುತ್ತೇನೆ.

ಕನ್ವರ್ಟರ್ ಅಂದರೆ ಹೆಚ್ಚಿನವು ಫಾಸ್ಫಾರಿಕ್ ಆಸಿಡ್ ಅಥವಾ ಟ್ಯಾನಿಕ್ ಆಸಿಡ್. ಮೇಲ್ಮೈ ತುಕ್ಕಿಗೆ ಒಳ್ಳೆಯದು, ತೂತು ಬಿದ್ದ ತಗಡಿಗೆ ಪ್ರಯೋಜನ ಇಲ್ಲ. ತುಕ್ಕಿನ ಮೇಲೆ ಪ್ಯಾಚ್ ಹೊದಿಸುವುದಂತೂ ಬೇಡವೇ ಬೇಡ. ಎರಡು ತಗಡಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ, ಹಾಗಾಗಿ ಸಂದಿಯನ್ನು ಒಳಗಿನಿಂದಲೇ ಒಡೆದು ಅಗಲ ಮಾಡುತ್ತದೆ. ಪುಟ್ಟಿಯೂ ತೇವ ಹೀರುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಿರಿ, ಅಂಚಿಗೆ ಅಂಚು ಸೇರಿಸಿ ಹೊಸದನ್ನು ಬೆಸೆಯಿರಿ.

ಇಲ್ಲಿ ತುಂಬಾ ಹುಷಾರಾಗಿರಬೇಕು. ಇಂಥ ಕಾರಿಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ, ಬಾಡಿಯೇ ಚಾಸಿ. ಸಿಲ್ ಸುಮ್ನೆ ಅಲಂಕಾರದ ಪಟ್ಟಿ ಅಲ್ಲ, ಕಾರು ನಡುವೆ ಬಾಗದಂತೆ ಹಿಡಿಯುವುದು ಅದೇ. ಕತ್ತರಿಸುವ ಮೊದಲು ಬಾಗಿಲು ಬಿಚ್ಚಿ, ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ಅಡ್ಡಲಾಗಿ ಕಬ್ಬಿಣದ ಚೌಕ ಪೈಪ್ ತಾತ್ಕಾಲಿಕವಾಗಿ ಬೆಸೆಯಿರಿ. ಇಲ್ಲದಿದ್ದರೆ ಬಾಗಿಲಿನ ಬಾಯಿ ಒಂದೆರಡು ಮಿಲಿಮೀಟರ್ ಜಗ್ಗಿದರೂ ಆಮೇಲೆ ಬಾಗಿಲು ಕೂರುವುದಿಲ್ಲ. ತಿಂದುಹೋದ ಸಿಲ್‌ಗೆ ಜ್ಯಾಕ್ ಕೊಡಲೇಬೇಡಿ. ಸಸ್ಪೆನ್ಶನ್ ಕೂರುವ ಗಟ್ಟಿ ಜಾಗಗಳ ಕೆಳಗೆ ಸ್ಟ್ಯಾಂಡ್ ಇಡಿ.

ತೆಳು ತಗಡಿಗೆ ಮಿಗ್ ವೆಲ್ಡಿಂಗ್ (ಗನ್‌ನಿಂದ ತಂತಿ ತಾನೇ ಬರುತ್ತಾ ಕರಗುವ ಬಗೆ), 0.6 ಮಿ.ಮೀ. ತಂತಿ. ಉದ್ದಕ್ಕೆ ಎಳೆಯಬೇಡಿ. ಇಲ್ಲೊಂದು ಚುಕ್ಕೆ, ದೂರ ಅಲ್ಲೊಂದು ಚುಕ್ಕೆ, ತಣಿಯಲು ಬಿಟ್ಟು ಮತ್ತೆ ನಡುವೆ ಒಂದು. ಹೀಗೆ ಹೋದರೆ ತಗಡು ಸುರುಟುವುದಿಲ್ಲ. ಮೊದಲೇ ಬ್ಯಾಟರಿ ವೈರ್ ಬಿಚ್ಚಿರಬೇಕು. ಸೀಟು, ಕಾರ್ಪೆಟ್, ಫೋಮ್ ಎಲ್ಲ ಹೊರಗೆ. ಫ್ಯುಯಲ್ ಲೈನ್ ಎಲ್ಲಿ ಹೋಗುತ್ತದೆ ನೋಡಿಕೊಳ್ಳಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ತಗಡು ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಲೇಬೇಡಿ. ವೆಲ್ಡಿಂಗ್ ಕಿಡಿಗೆ ಅದರಿಂದ ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟುತ್ತದೆ. ಕೈ ಪಳಗಿಲ್ಲದಿದ್ದರೆ ಈ ಒಂದು ಭಾಗವನ್ನು ಬಲ್ಲವರಿಗೇ ಕೊಡಿ, ಉಳಿದಿದ್ದು ನೀವೇ ಮಾಡಬಹುದು.

ಬೆಸೆದ ಮೇಲೆ ಕೆಲಸ ಮುಗಿಯಲಿಲ್ಲ. ಹೊರಗೆ ನೀವು ಎಷ್ಟೇ ಚೆನ್ನಾಗಿ ಪೇಂಟ್ ಹೊಡೆದರೂ ವೆಲ್ಡಿಂಗ್ ಶಾಖಕ್ಕೆ ಸಿಲ್ ಒಳಗಿನ ಬಣ್ಣ ಸುಟ್ಟಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಉದ್ದ ನಳಿಕೆ ಹಾಕಿ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗಕ್ಕೆ ತುಕ್ಕು ತಡೆಯಲು ಹೊಡೆಯುವ ಮೇಣ) ಹೊಡೆಯಿರಿ. ಬಿಸಿಲಿನ ದಿನ ಆದರೆ ತೆಳುವಾಗಿ ಸಂದಿಗೆಲ್ಲ ಹರಿಯುತ್ತದೆ. ಸಿಲ್ ತಳದ ಡ್ರೈನ್ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಒಳಗೆಲ್ಲ ತಲುಪಿದೆ ಅಂತ ಧೈರ್ಯ. ಆಮೇಲೆ ಆ ತೂತು ತೆರೆದೇ ಇದೆಯಾ ನೋಡಿ. ಹಳೇ ಅಂಡರ್‌ಕೋಟಿಂಗ್, ಅಂದರೆ ಕಾರಿನ ಅಡಿಗೆ ಬಳಿದ ರಕ್ಷಣೆಯ ಪದರ, ಬಿರುಕು ಬಿಟ್ಟಿದ್ದರೆ ಅದನ್ನು ಕೆರೆದು ತೆಗೆಯಿರಿ, ಮೇಲೆ ಮತ್ತೊಂದು ಪದರ ಬಳಿಯಬೇಡಿ. ಅದರಡಿ ನೀರು ಕೂತಿರುತ್ತದೆ. ಅಡಿಗೆ ಹೋದಾಗ ಬ್ರೇಕ್ ಪೈಪನ್ನೂ ಕೈಯಲ್ಲಿ ಸವರಿ ನೋಡಿ, ಕ್ಲಿಪ್ ಹಿಡಿದ ಜಾಗದಲ್ಲೇ ಅದನ್ನು ತುಕ್ಕು ಮೊದಲು ತಿನ್ನುವುದು.

ಪ್ರಶ್ನೆ ಕೇಳಿದವರಿಂದ

ಬಾಗಿಲಿನ ಹಾಳೆ ಕೆಳಗಡೆ ಪೂರ್ತಿ ಹರಿದಿತ್ತು, ಬದಲಾಯಿಸಿದೆ. ತಳದ ಮೂರು ತೂತಲ್ಲಿ ಎರಡು ಪೇಂಟ್‌ನಿಂದ ಮುಚ್ಚಿದ್ದವು. ಸಿಲ್ ಬೆಸೆಯುವುದನ್ನು ಅನುಭವ ಇರುವವರಿಗೆ ಕೊಟ್ಟೆ, ಅಡ್ಡ ಪೈಪ್ ಹಾಕಿಸಿದ ಮೇಲೆಯೇ ಕತ್ತರಿಸಿದರು. ಒಳಗೆ ಪುಟ್ಟಿ, ಅದರ ಹಿಂದೆ ಹಳೇ ಪ್ಯಾಚ್, ಅದರ ಹಿಂದೆ ಪುಡಿಯಾದ ಮೂಲ ತಗಡು. ಹೊಸದು ಕೂತ ಮೇಲೆ ಬಾಗಿಲು ಮೊದಲಿನಂತೆಯೇ ಮುಚ್ಚುತ್ತಿದೆ. ವ್ಯಾಕ್ಸ್ ನಾನೇ ಹೊಡೆದೆ, ನಾಲ್ಕೂ ತೂತಿಂದ ತೊಟ್ಟಿಕ್ಕಿತು.

ಬ್ರೇಕ್ ಪೈಪ್ ಬಗ್ಗೆ ಹೇಳಿದ್ದು ತುಂಬಾ ಉಪಕಾರ ಆಯಿತು. ಹಿಂದಿನ ಚಕ್ರದ ಹತ್ತಿರ ಕ್ಲಿಪ್ ಅಡಿ ಪೈಪ್ ಹುರುಪೆ ಎದ್ದು ಉಬ್ಬಿತ್ತು. ತಾಮ್ರ-ನಿಕ್ಕಲ್ ಮಿಶ್ರಲೋಹದ ಹೊಸ ಪೈಪ್ ಹಾಕಿಸಿ ಬ್ಲೀಡ್ ಮಾಡಿಸಿದೆ, ಅಂದರೆ ಬ್ರೇಕ್ ಲೈನಿನ ಗಾಳಿ ತೆಗೆಸಿದೆ. ಆಮೇಲೆ ಎರಡು ಜೋರು ಮಳೆ ಬಂದಿವೆ. ಕಾರ್ಪೆಟ್ ಅಡಿ ಹಾಸಿದ್ದ ಪೇಪರ್ ಗರಿಗರಿಯಾಗಿ ಒಣಗೇ ಇದೆ. ಇನ್ನೊಂದು ಬದಿಯ ಸಿಲ್ ಭಾನುವಾರ ತಟ್ಟಿ ನೋಡುತ್ತೇನೆ.