ಹತ್ತಕ್ಕೆ ಮೂರು ಬಂಗಡೆ

ಪಾಂಡು ಕೊಡೆ ಮಡಚುವ ಮೊದಲೇ ಬಗಲಲ್ಲಿದ್ದ ಸುರುಳಿಯನ್ನು ಶಾಂತಕ್ಕನ ಚಹಾದಂಗಡಿಯ ಟೇಬಲ್ ಮೇಲೆ ಬಿಚ್ಚಿದ. ಎರಡೂ ಕೈ ಮಣಿಕಟ್ಟಿನವರೆಗೆ ಕಪ್ಪು. ಮೂರು ದಿನ ಕಾರವಾರದ ಕಡಲ ಪಕ್ಕದ ಹೋಂಸ್ಟೇ ಒಂದರಲ್ಲಿ ‘ಕಡಲೂರಿನ ಪ್ರೇರಣೆ: ಪ್ರಾಯೋಗಿಕ ಮುದ್ರಣಕಲೆ ಮತ್ತು ಚಿತ್ರಕಲೆ’ ಶಿಬಿರ ಮುಗಿಸಿ ನೇರ ಇಲ್ಲಿಗೇ ಬಂದಿದ್ದ.

“ಬಂಗಡೆ” ಎಂದ.

ಬಂಗಡೆಯೇ. ಕಣ್ಣು, ರೆಕ್ಕೆ, ಬಾಲದ ಕವಲು ಎಲ್ಲ ಇತ್ತು. ಕೆಳಗೆ ಪೆನ್ಸಿಲ್‌ನಲ್ಲಿ 3/10.

ಮಾಸ್ತರು ಕನ್ನಡಕ ಏರಿಸಿದರು. “ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದೆ ತಮಾ. ಎಂಥಾ ದಡ್ಡನಿಗೂ ಹತ್ತಕ್ಕೆ ನಾಲ್ಕು ಹಾಕಿ ಮೇಲೆ ತಳ್ಳಿದ್ದೇನೆ. ನಿನಗೆ ಮೂರು ಕೊಟ್ಟವರು ಯಾರು?”

“ಅದು ಮಾರ್ಕ್ಸ್ ಅಲ್ಲ ಮಾಸ್ತರೆ! ಹತ್ತು ಪ್ರತಿಯಲ್ಲಿ ಇದು ಮೂರನೆಯದು ಅಂತ. ನನ್ನ 1/10 ಶಿಬಿರದಲ್ಲೇ ಮಾರಾಟವಾಯ್ತು.”

“ನಮ್ಮ ಶಾಲೆಯಲ್ಲಿ 1/10 ತೆಗೆದವ ಕತ್ತಲಾಗುವವರೆಗೆ ಮನೆಗೆ ಹೋಗುತ್ತಿರಲಿಲ್ಲ. ಈಗ ಅದಕ್ಕೆ ಫ್ರೇಮ್ ಹಾಕಿಸುತ್ತಾರೆ.”

ಪಾಂಡು ಬಿಡಲಿಲ್ಲ. ಇದು ಜಪಾನಿನ ವಿದ್ಯೆ, ಹೆಸರು ಗ್ಯೋತಾಕು. 19ನೇ ಶತಮಾನದಲ್ಲಿ ಅಲ್ಲಿ ಮೀನು ಹಿಡಿಯುವವರು ಹಿಡಿದ ಮೀನಿಗೆ ಮಸಿ ಹಚ್ಚಿ, ಕಾಗದ ಒತ್ತಿ, ಅಳತೆಯ ದಾಖಲೆ ಇಟ್ಟುಕೊಳ್ಳುತ್ತಿದ್ದರಂತೆ.

“ಆಮೇಲೆ ಮೀನು?”

“ತೊಳೆದು ತಿನ್ನುತ್ತಿದ್ದರಂತೆ.”

“ನೀನು?”

“ನಂದು ಎಣ್ಣೆ ಇಂಕು. ಬೆಕ್ಕೂ ಮೂಸಲಿಲ್ಲ.”

ಶಾಂತಕ್ಕ ಲೋಟ ಕುಕ್ಕಿದಳು. “ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟು ನೀರಿಗೆ ಇಳಿಯೋ ಹಾಗಿಲ್ಲ. ಬೈತಖೋಲ ಬಂದರಿನಲ್ಲಿ ಎಲ್ಲ ಕಟ್ಟಿ ಹಾಕಿದ್ದಾರೆ. ಇಂಥಾ ಹೊತ್ತಲ್ಲಿ ಎಷ್ಟು ಬಂಗಡೆ ಹಾಳು ಮಾಡಿದೆಯೋ?”

“ಐದೇ ಐದು ಶಾಂತಕ್ಕ.”

“ಮನೆತನಕ್ಕೆ ಮಸಿ ಬಳಿದವರನ್ನು ನೋಡಿದ್ದೆ. ಬಂಗಡೆಗೆ ಮಸಿ ಬಳಿದವನನ್ನು ಇವತ್ತೇ ನೋಡಿದ್ದು” ಎಂದರು ಮಾಸ್ತರು.

ಭಟ್ಟರಿಗೆ ಬೇರೆಯೇ ಚಿಂತೆ. ಅವರು ಶಿರಸಿಯವರು. ಚಿತ್ರ ಚಂದ ಕಂಡಿತ್ತು, ಮನೆಗೆ ಒಯ್ಯುವ ಆಸೆಯೂ ಇತ್ತು. “ಅಲ್ಲ ಮಾರಾಯ, ಮೀನಿನ ಚಿತ್ರ ಬರೆದರೆ ಅಡ್ಡಿಯಿಲ್ಲ. ಇದಕ್ಕೆ ಮೀನೇ ತಾಗಿದೆಯಲ್ಲ? ಹಾಗಾದ್ರೆ ಈ ಕಾಗದ ಸಸ್ಯಾಹಾರಿಯೋ, ಅಲ್ಲವೋ?”

ಇದರ ಮೇಲೆ ಒಂದು ಚಹಾ ಮುಗಿಯಿತು. ಕಾಗದ ಬಿದಿರಿನದಾದರೆ ಪರವಾಗಿಲ್ಲ ಅಂತ ಒಬ್ಬರು. ದೇವರಕೋಣೆ ಬಿಟ್ಟು ಎಲ್ಲಿ ಹಾಕಿದರೂ ನಡೆಯುತ್ತದೆ ಅಂತ ಇನ್ನೊಬ್ಬರು. ಮಾಸ್ತರ ತೀರ್ಪು: “ಹತ್ತನೇ ಪ್ರತಿ ಒಯ್ಯಿರಿ. ಅಷ್ಟು ಹೊತ್ತಿಗೆ ಮೀನು ಸವೆದಿರುತ್ತದೆ.”

ಪಾಂಡು ಎರಡನೆಯ ಹಾಳೆ ತೆಗೆದ. ಇದು ಕೊಲಾಗ್ರಾಫ್. ರಟ್ಟಿನ ಮೇಲೆ ಫೆವಿಕಾಲ್ ಹಾಕಿ ಹರಿದ ಬಲೆ, ಹಗ್ಗ, ಮರಳು, ಚಿಪ್ಪು, ಒಂದು ಚಪ್ಪಲಿಯ ಉಂಗುಷ್ಟ ಎಲ್ಲ ಅಂಟಿಸಿ, ಒಣಗಿದ ಮೇಲೆ ಇಂಕು ಸವರಿ ಕಾಗದ ಇಟ್ಟು ಒತ್ತುವುದು. ಪ್ರೆಸ್ಸು ಇರಲಿಲ್ಲವಾದ್ದರಿಂದ ಚಮಚದ ಬೆನ್ನಿನಿಂದ ಉಜ್ಜಿದ್ದರು. ಮಳೆಗೆ ಒಂದೂ ಒಣಗಿಲ್ಲ.

“ಇಲ್ಲಿ ಅರ್ಧ ಬಂದೇ ಇಲ್ಲವಲ್ಲ?”

“ಅದೇ ಪ್ರಾಯೋಗಿಕ.”

“ಓಹೋ. ನಿನ್ನೆ ಶಾಂತಕ್ಕನ ಬನ್ಸ್ ಒಳಗೆ ಬೆಂದಿರಲಿಲ್ಲ. ಸುಮ್ನೆ ಬೈದೆ ನೋಡು. ಅದು ಪ್ರಾಯೋಗಿಕ ಬನ್ಸ್!”

ಮೂರನೆಯದು ಜಲವರ್ಣ. ಕಡಲು. ಶಾಯಿ ಬಾಟಲಿ ಚೆಲ್ಲಿದಷ್ಟು ನೀಲಿ. ಮಾಸ್ತರು ಬಾಗಿಲಾಚೆ ಕೈ ತೋರಿಸಿದರು. ಕಾಳಿ ನದಿ ಘಟ್ಟದ ಮಣ್ಣನ್ನೆಲ್ಲ ತಂದು ಸುರಿಯುವ ಆಷಾಢ. ಕಡಲು ಶಾಂತಕ್ಕನ ಚಹಾದ ಬಣ್ಣಕ್ಕೇ ಇತ್ತು.

“ಎದುರಿಗೇ ಕೂತು ಮೂರು ದಿನ ಏನು ನೋಡಿದಿರಪ್ಪ?”

“ಪ್ರೇರಣೆ ಮಾಸ್ತರೆ. ಟಾಗೋರರಿಗೂ ಕಾರವಾರವೇ ಪ್ರೇರಣೆ ಅಲ್ವಾ?”

ಈ ಮಾತಿಗೇ ಮಾಸ್ತರು ಕಾದಿದ್ದರು ಅನ್ನಿಸುತ್ತದೆ. “ಟಾಗೋರರು 1883ರಲ್ಲಿ ಇಲ್ಲಿದ್ದರು. ಅಣ್ಣ ಇಲ್ಲಿ ಜಡ್ಜ್. ಇವರಿಗೆ 22 ವಯಸ್ಸು. ಒಂದು ನಾಟಕ ಬರೆದರು, ಸರಿ. ಕುಂಚ ಹಿಡಿದು ಕೂತದ್ದು ಅರವತ್ತು ದಾಟಿದ ಮೇಲೆ. ಮೊದಲ ಪ್ರದರ್ಶನ 1930ರಲ್ಲಿ, ಪ್ಯಾರಿಸ್‌ನಲ್ಲಿ. ಈ ಕಡಲು ನೋಡಿ ಹೋದವರು 47 ವರ್ಷ ತಡೆದುಕೊಂಡರು. ನಿಮಗೆ ಸೋಮವಾರದವರೆಗೂ ತಡೆಯಲಿಕ್ಕೆ ಆಗಲಿಲ್ಲ.”

ಪಾಂಡು ಹಾಳೆ ಸುತ್ತತೊಡಗಿದ. ಪಾಪ ಅನ್ನಿಸಿ ಭಟ್ಟರು ಮಾತು ತಿರುಗಿಸಿದರು. “ನಮ್ಮಲ್ಲಿ ದೀಪಾವಳಿಗೆ ಅಕ್ಕಿ ಅಳೆಯುವ ಸಿದ್ದೆಯ ಬಾಯಿ ಶೇಡಿಯ ಬಿಳಿಮಣ್ಣಿನಲ್ಲಿ, ಕೆಮ್ಮಣ್ಣಿನಲ್ಲಿ ಅದ್ದಿ ದನದ ಮೈಗೆಲ್ಲ ಅಚ್ಚು ಒತ್ತುತ್ತೇವೆ. ಅದೂ ಪ್ರಿಂಟೇ ಆಯ್ತಲ್ಲ?”

“ಹೌದು! ಒಂದೇ ಪ್ರತಿ ಬರೋದಾದರೆ ಮೋನೋಪ್ರಿಂಟ್ ಅಂತಾರೆ. ಅದಕ್ಕೆ 1/1 ಅಂತ ಬರೆಯೋದು.”

“ಔಟ್ ಆಫ್ ಔಟ್” ಎಂದರು ಮಾಸ್ತರು. ನಾವು ನಕ್ಕೆವು. ಅವರು ನಗಲಿಲ್ಲ.

“ನಮ್ಮ ಅಜ್ಜಿ ಹಬ್ಬಕ್ಕೆ ಕೊಟ್ಟಿಗೆ ಗೋಡೆಗೆ ಶೇಡಿಯಲ್ಲಿ ಕೈ ಒತ್ತುತ್ತಿದ್ದಳು. ಕಿರುಬೆರಳು ಸೊಟ್ಟ, ಕತ್ತಿ ತಾಗಿದ್ದು. ಅವಳು ಸತ್ತ ಮೇಲೂ ಆ ಸೊಟ್ಟ ಬೆರಳು ಗೋಡೆ ಮೇಲಿತ್ತು.”

“ಈಗ?”

“ಮಗನ ಮದುವೆಗೆ ಡಿಸ್ಟೆಂಪರ್ ಹೊಡೆಸಿದೆ. ಪಿಸ್ತಾ ಬಣ್ಣ. ನಾನೇ ಆರಿಸಿದ್ದು.”

ಹೊರಗೆ ಮಳೆ ಜೋರಾಯಿತು. ಪಾಂಡು ಏಳಲು ಹೋದವನು ಬೆಂಚು ಅಲುಗಿ ಗೋಡೆಗೆ ಕೈ ಕೊಟ್ಟ. ಕೈ ತೆಗೆದಾಗ ಗೋಡೆಯ ಮೇಲೆ ಐದು ಬೆರಳು, ಅಂಗೈಯ ಗೆರೆಯ ಸಮೇತ, ಅಚ್ಚುಕಟ್ಟಾಗಿ ಮೂಡಿದ್ದವು. ಮೂರು ದಿನದಲ್ಲಿ ಅವನು ತೆಗೆದ ಯಾವ ಪ್ರತಿಯೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಮಾಸ್ತರು ಎದ್ದು ಹತ್ತಿರ ಹೋಗಿ ನೋಡಿದರು. “ಶಾಂತಕ್ಕ, ಇದನ್ನು ಒರೆಸಬೇಡ. ಇರಲಿ.”

“ಇರಲಿ ಅಂದ್ರೆ? ಬರೋ ಚೌತಿಗೆ ಅಂತ ಮೊನ್ನೆ ಬಣ್ಣ ಹೊಡೆಸಿದ್ದು!” ಎನ್ನುತ್ತ ಶಾಂತಕ್ಕ ಸೀಮೆಎಣ್ಣೆ ಬಟ್ಟೆ ಹುಡುಕಲು ಒಳಗೆ ಹೋದಳು.