‘ಡೇಟಾ ತೆಗೀಬೇಕಾ?’ ಅಂದರೆ ಉಳಿಸುವುದೋ, ಅಳಿಸುವುದೋ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಅತ್ತಿಗೆಯ ಲ್ಯಾಪ್‌ಟಾಪ್ ಕೆಟ್ಟು ಕೂತಿತು. ಆನ್ ಮಾಡಿದರೆ ನೀಲಿ ಪರದೆ, ತಾನಾಗೇ ಆಫ್ ಆಗಿ ಆನ್ ಆದರೆ ಮತ್ತೆ ಅದೇ ನೀಲಿ. ರಿಪೇರಿಗೆ ಕೊಟ್ಟು ಬಂದರು. ಸಂಜೆ ಅಂಗಡಿಯ ಹುಡುಗ ಫೋನ್ ಮಾಡಿ, ‘ಮೇಡಂ, ಫಾರ್ಮ್ಯಾಟ್ ಹೊಡೀಬೇಕಾಗುತ್ತೆ. ಡೇಟಾ ತೆಗೀಬೇಕಾ?’ ಎಂದು ಕೇಳಿದ. ಅತ್ತಿಗೆ ಗಾಬರಿಯಾಗಿ, ‘ಬೇಡಪ್ಪಾ, ಏನೂ ತೆಗೀಬೇಡಿ’ ಎಂದರು. ಅವನು ಏನೂ ತೆಗೆಯಲಿಲ್ಲ. ಫಾರ್ಮ್ಯಾಟ್ ಹೊಡೆದು, ಅಂದರೆ ಡಿಸ್ಕ್ ಖಾಲಿ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟ.

ಇಬ್ಬರದ್ದೂ ತಪ್ಪಿಲ್ಲ. ಅವನ ಪ್ರಕಾರ ‘ತೆಗೆ’ ಅಂದರೆ ಬೇರೆ ಡಿಸ್ಕಿಗೆ ಎತ್ತಿಕೊಳ್ಳುವುದು. ಅತ್ತಿಗೆಗೆ ಕೇಳಿಸಿದ್ದು ಅಳಿಸುವುದು. ಮಗಳು ಹುಟ್ಟಿದಾಗಿನಿಂದ ತೆಗೆದ ಫೋಟೋಗಳೆಲ್ಲ ಡೆಸ್ಕ್‌ಟಾಪಿನ ಒಂದು ಫೋಲ್ಡರಿನಲ್ಲಿದ್ದವು. ಡೆಸ್ಕ್‌ಟಾಪ್ ಇರುವುದು ಸಾಮಾನ್ಯವಾಗಿ ಡಿಸ್ಕಿನಲ್ಲಿ ವಿಂಡೋಸ್ ಕೂತಿರುವ ಭಾಗದಲ್ಲಿ, ಅಂದರೆ ಸಿ ಡ್ರೈವ್‌ನಲ್ಲೇ. ಫಾರ್ಮ್ಯಾಟ್ ಆಗಿದ್ದೂ ಅದೇ.

ಮೇಲೆ ‘ಫೋಟೋ ತೆಗೆದ’ ಅಂತ ನಾನೇ ಬರೆದೆ ನೋಡಿ. ಬಾಗಿಲು ತೆಗೆ, ಕಸ ತೆಗೆ, ಸಾಲ ತೆಗೆ, ಬ್ಯಾಂಕಿನಿಂದ ದುಡ್ಡು ತೆಗೆ. ಎಲ್ಲಕ್ಕೂ ಒಂದೇ ಪದ. ಜೊತೆಯಲ್ಲಿ ಏನಿದೆ ಅನ್ನುವುದರಿಂದ ಅರ್ಥ ಹೊಳೆಯುತ್ತದೆ. ಕಸ ಅಂದಾಗ ಅನುಮಾನವೇ ಬರುವುದಿಲ್ಲ, ಅಲ್ವಾ? ಡೇಟಾ ಅಂದಾಗ ಮಾತ್ರ ಎರಡೂ ಕಡೆಗೆ ವಾಲುತ್ತದೆ.

ಆದರೆ ಕನ್ನಡದಲ್ಲಿ ಇದಕ್ಕೆ ದಾರಿಯೂ ಇದೆ ಅನ್ನಿಸುತ್ತದೆ. ‘ತೆಗೆದುಹಾಕು’ ಅಂದರೆ ಇಲ್ಲದಂತೆ ಮಾಡು. ‘ತೆಗೆದಿಡು’ ಅಂದರೆ ಜೋಪಾನವಾಗಿ ಎತ್ತಿಡು. ತಡವಾಗಿ ಬರುವವರಿಗೆ ಊಟ ತೆಗೆದಿಡುತ್ತೇವಲ್ಲ, ಹಾಗೆ. ಆ ಹುಡುಗ ‘ಡೇಟಾ ತೆಗೆದಿಡಬೇಕಾ?’ ಎಂದಿದ್ದರೆ ಅತ್ತಿಗೆ ಖಂಡಿತ ಹೂಂ ಅನ್ನುತ್ತಿದ್ದರು.

ಫೋಟೋಗಳು ಏನಾದವು ಅಂತಲೂ ಹೇಳುತ್ತೇನೆ, ಅದರಲ್ಲೂ ಒಂದು ಪದ ಸಿಕ್ಕಿತು. ಆ ಲ್ಯಾಪ್‌ಟಾಪಿನಲ್ಲಿದ್ದದ್ದು ಹಳೆಯ ಹಾರ್ಡ್ ಡಿಸ್ಕ್. ಅವನು ಹೊಡೆದದ್ದು ಕ್ವಿಕ್ ಫಾರ್ಮ್ಯಾಟ್. ಅದರಲ್ಲಿ ಯಾವ ಫೈಲ್ ಎಲ್ಲಿದೆ ಎನ್ನುವ ಪಟ್ಟಿ ಹೋಗುತ್ತದೆ, ಫೈಲಿನ ಒಡಲು ಅಲ್ಲೇ ಇರುತ್ತದೆ, ಅದರ ಮೇಲೆ ಬೇರೇನಾದರೂ ಬರೆಯುವ ತನಕ. ಹಗ್ಗ ಕಡಿದು ಬಾವಿಗೆ ಬಿದ್ದ ಕೊಡದ ಹಾಗೆ. (ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಡೇಟಾ ಇಡುವ ಹೊಸ ಬಗೆಯ ಡಿಸ್ಕ್ ಆಗಿದ್ದರೆ ಈ ಆಸೆ ತುಂಬಾ ಕಡಿಮೆ.) ಲ್ಯಾಪ್‌ಟಾಪನ್ನು ತಕ್ಷಣ ಆಫ್ ಮಾಡಿಸಿದೆ. ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದಲೇ ಉಬುಂಟು ಎಂಬ ಇನ್ನೊಂದು ಓಎಸ್ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ನಡೆಸಿ, ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹಾಕಿ, ಇನ್ನೊಂದು ಡಿಸ್ಕಿಗೆ ಎತ್ತಿಸಿದೆ. ರಾತ್ರಿಯಿಡೀ ಓಡಿತು. ಸುಮಾರು ಫೋಟೋ ಸಿಕ್ಕವು. ಒಂದಕ್ಕೂ ಹಳೆಯ ಹೆಸರಿಲ್ಲ, ಎಫ್ ಅಕ್ಷರದ ಮುಂದೆ ಬರೀ ಅಂಕಿಗಳು. ವಿಂಡೋಸ್ ಬಂದು ಕೂತ ಜಾಗದಲ್ಲಿದ್ದವು ಹಾಳಾಗಿವೆ. ಒಂದರಲ್ಲಿ ಮಗುವಿನ ಮುಖ, ಟೋಪಿ ಇದೆ. ಕತ್ತಿನಿಂದ ಕೆಳಗೆ ಬೂದು ಬಣ್ಣ.

ಅದನ್ನು ನೋಡುತ್ತಿದ್ದ ಅಮ್ಮ, ‘ಪಾತಾಳಗರಡಿ ಬಿಟ್ಟ ಹಾಗಾಯ್ತು’ ಎಂದರು. ಬಾವಿಗೆ ಬಿದ್ದ ಕೊಡ, ಬಿಂದಿಗೆ ಎತ್ತುವ ಕೊಕ್ಕೆಗಳ ಗೊಂಚಲು ಅದು. ಕಾಣದ ನೀರಿನಲ್ಲಿ ತಡಕಾಡಿ ಸಿಕ್ಕಿದ್ದನ್ನು ಎತ್ತುವುದು. ಫೋಟೋರೆಕ್ ಮಾಡುವುದೂ ಅದನ್ನೇ. ಡೇಟಾ ರಿಕವರಿಗೆ ‘ದತ್ತಾಂಶ ಚೇತರಿಕೆ’ ಎಂದು ಬರೆಯುವುದಕ್ಕಿಂತ ‘ಡೇಟಾ ಎತ್ತುವುದು’ ಎಷ್ಟೋ ಮೇಲು. ಚೇತರಿಸಿಕೊಳ್ಳುವುದು ಜ್ವರ ಬಂದವರು. ಫೈಲು ತಾನಾಗಿ ಚೇತರಿಸಿಕೊಳ್ಳುವುದಿಲ್ಲ, ಯಾರಾದರೂ ಎತ್ತಬೇಕು.

ನನಗೆ ಇನ್ನೂ ಜಾಸ್ತಿ ಭಯ ಹುಟ್ಟಿಸುವ ಪದ ‘ಮರುಸ್ಥಾಪನೆ’. ಬ್ಯಾಕಪ್‌ನಿಂದ ಹಳೆಯದನ್ನು ವಾಪಸ್ ತರುವುದಕ್ಕೂ ಇದನ್ನೇ ಬರೆಯುತ್ತಾರೆ, ಓಎಸ್ ಹೊಸದಾಗಿ ಹಾಕುವುದಕ್ಕೂ ಇದನ್ನೇ ಬರೆಯುತ್ತಾರೆ. ಒಂದರಲ್ಲಿ ಇದ್ದದ್ದು ಮರಳಿ ಬರುತ್ತದೆ. ಇನ್ನೊಂದರಲ್ಲಿ ಇದ್ದದ್ದೂ ಹೋಗಬಹುದು. ‘ವಾಪಸ್ ತರು’, ‘ಹೊಸದಾಗಿ ಹಾಕು’ ಎಂದು ಬಿಡಿಸಿ ಬರೆದರೆ ಸಾಕಲ್ಲವೇ?

ಅದೇ ಅಂಗಡಿಯವರು ಈಗ ರಸೀದಿಯ ಮೇಲೆ ಅಚ್ಚು ಹಾಕಿಸಲು ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ ಎಂದು ಕೇಳಿದ್ದಾರೆ. ನಾನು ಬರೆದಿರುವುದು ಇದು: ‘ನಿಮ್ಮ ಫೈಲುಗಳನ್ನು ಮೊದಲು ತೆಗೆದಿಡಬೇಕೇ? ಬೇಡ ಎಂದರೆ ಎಲ್ಲವೂ ಅಳಿಸಿಹೋಗುತ್ತವೆ.’

ಧಾರವಾಡದ ಕಡೆ ‘ತಗಿ’ ಅನ್ನುವವರಿಗೆ ‘ತೆಗೆದಿಡು’ ಇದೇ ಅರ್ಥ ಕೊಡುತ್ತದೆಯೇ? ಮಂಗಳೂರು, ಕುಂದಾಪುರದ ಕಡೆ ಅಂಗಡಿಯವರು ಏನು ಹೇಳಿ ಕೇಳುತ್ತಾರೆ? ರಸೀದಿ ಅಚ್ಚಿಗೆ ಹೋಗುವ ಮೊದಲು ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.